ಅವರು ಇಲ್ಲಿಲ್ಲ

ಆ ಶನಿವಾರ ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಸಿಡಿದಾಗಿತ್ತು, ಕಡ್ಲೆಬೇಳೆ ಇನ್ನೂ ಕೆಂಪಗಾಗಿರಲಿಲ್ಲ. 2019ರ ಫೆಬ್ರವರಿ. ಗಂಟೆ ಏಳೂಕಾಲು. ಇಂಗ್ಲೆಂಡಿನಲ್ಲಿ ಆ ತಿಂಗಳು ಏಳೂಕಾಲು ಅಂದರೆ ಆಗಷ್ಟೇ ಬೆಳಕು ಹರಿಯುವ ಹೊತ್ತು. ಯಾರೋ ಬಾಗಿಲು ಬಡಿದರು. ಬೆಲ್ ಇತ್ತು, ಆದರೂ ಬಡಿದರು.

ತೆಗೆದರೆ ಕಪ್ಪು ಜಾಕೆಟ್ಟಿನ ಒಬ್ಬ ಮನುಷ್ಯ. ಕೊರಳಲ್ಲಿ ಗುರುತಿನ ಚೀಟಿ. ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ಅದರಲ್ಲೊಂದು ಕೆಂಪು ದೀಪ. ಒಂದು ಹೆಸರು ಹೇಳಿ ಅವರು ಇದ್ದಾರಾ ಅಂತ ಕೇಳಿದ. ಕೇಳುತ್ತಲೇ ನನ್ನ ಭುಜದ ಮೇಲಿಂದ ಒಳಗೆ ಕಣ್ಣು ಹಾಯಿಸಿದ. ಆ ಕಣ್ಣು ಮೆಟ್ಟಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ, ನಮ್ಮವರ ದಪ್ಪ ಶೂಗಳ ಮೇಲೆ ಒಂದು ಗಳಿಗೆ ನಿಂತಿತು.

ಅವನು ಹೇಳಿದ ಹೆಸರು ನನಗೆ ಚೆನ್ನಾಗಿಯೇ ಗೊತ್ತಿತ್ತು. ನಮಗಿಂತ ಮುಂಚೆ ಆ ಮನೆಯಲ್ಲಿ ಬಾಡಿಗೆಗಿದ್ದವನದು.

"ಅವರು ಇಲ್ಲಿಲ್ಲ. ಖಾಲಿ ಮಾಡಿಕೊಂಡು ಹೋಗಿದ್ದಾರೆ" ಅಂದೆ.

ನಕ್ಕ. ಕೆಟ್ಟ ನಗು ಏನಲ್ಲ. ಚಿಲ್ಲರೆ ಇಲ್ಲ ಅಂದಾಗ ಬಸ್ ಕಂಡಕ್ಟರ್ ನಗುತ್ತಾನಲ್ಲ, ಆ ಥರದ್ದು. "ಎಲ್ಲರೂ ಹಾಗೇ ಹೇಳುತ್ತಾರೆ ಮೇಡಂ. ಒಳಗೆ ಬಂದು ಮಾತಾಡಬಹುದಾ?"

ನನ್ನ ಕೈ ಆಗಲೇ ಬಾಗಿಲನ್ನು ಅಗಲ ಮಾಡುತ್ತಿತ್ತು. ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಬಾರದು, ಬಂದವರನ್ನು ಒಳಗೆ ಕರೆದು ಕೂರಿಸಬೇಕು ಅಂತ ಬೆಳೆದವಳು ನಾನು. 'ಬನ್ನಿ' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಣಮೆಣಸಿನಕಾಯಿ ಸೀದ ಘಾಟು. ಅದರ ಹಿಂದೆಯೇ ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ಈ ದೇಶದಲ್ಲಿ ಒಗ್ಗರಣೆ ಹಾಕುವವರಿಗೆಲ್ಲ ಗೊತ್ತಿರುವ ಸದ್ದು ಅದು. "ಒಂದ್ನಿಮಿಷ" ಅಂದವಳೇ ಬಾಗಿಲು ದಬ್ಬಿ ಒಳಗೆ ಓಡಿದೆ. ಬಾಗಿಲು ಕ್ಲಿಕ್ ಅಂತ ಹಾಕಿಕೊಂಡಿತು.

ಅವತ್ತು ನನ್ನನ್ನು ಕಾಪಾಡಿದ್ದು ಆ ಸೀದ ಮೆಣಸಿನಕಾಯಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಆ ಮನೆಗೆ ನಾವು ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಲಂಡನ್ನಿನಿಂದ ರೈಲಿನಲ್ಲಿ ನಲವತ್ತು ನಿಮಿಷದ ಊರು, ಸಾಲುಮನೆಗಳ ಬೀದಿ, ಏಜೆಂಟರ ಮೂಲಕ ಹಿಡಿದ ಬಾಡಿಗೆ ಮನೆ. ಇಲ್ಲಿ ಅಂಚೆ ಹಾಕಲು ಗೇಟಿನ ಹತ್ತಿರ ಡಬ್ಬ ಇರೋದು ಕಡಿಮೆ. ಬಾಗಿಲಲ್ಲೇ ಒಂದು ಸೀಳು. ಕಾಗದಗಳು ನೇರ ಒಳಗಿನ ಚಾಪೆಯ ಮೇಲೆ ಬೀಳುತ್ತವೆ. ಮೊದಲ ವಾರದಿಂದಲೇ ಅವನ ಹೆಸರಿನವೂ ಬಿದ್ದವು. ಮೀನು ಹಿಡಿಯುವ ಗಾಳ, ಗಾಲಿ, ಉದ್ದ ಬೂಟು ಮಾರುವವರ ಕ್ಯಾಟಲಾಗ್. ಹಲ್ಲಿನ ಡಾಕ್ಟರ ಕಾರ್ಡು, ನೀವು ಬಂದು ಬಹಳ ದಿನವಾಯಿತು ಅಂತ. ಮನುಷ್ಯನನ್ನು ನೋಡಿಲ್ಲ, ಆದರೆ ಗಾಳ ಹಾಕುತ್ತಾನೆ, ಹಲ್ಲಿನ ಕಡೆ ಗಮನವಿಲ್ಲ ಅಂತ ಗೊತ್ತಾಯಿತು. ಬರಬರುತ್ತಾ ಲಕೋಟೆಗಳ ಬಣ್ಣ ಬದಲಾಯಿತು. ಬಿಳಿ ಹೋಗಿ ಕಂದು, ಕಂದಿನ ಮೇಲೆ ಕೆಂಪು ಅಕ್ಷರ.

ಶುರುವಿನಲ್ಲಿ ನಾನು ಶಿಸ್ತಿನವಳೇ. ಲಕೋಟೆಯ ಮೇಲೆ 'ಈ ವಿಳಾಸದಲ್ಲಿ ಇಲ್ಲ, ಕಳಿಸಿದವರಿಗೆ ವಾಪಸ್' ಅಂತ ಬರೆದು ಬೀದಿ ಕೊನೆಯ ಕೆಂಪು ಡಬ್ಬಕ್ಕೆ ಹಾಕಿ ಬರುತ್ತಿದ್ದೆ. ಸ್ಟಾಂಪ್ ಬೇಕಿಲ್ಲ. ನವೆಂಬರ್ ಮಳೆ ಹಿಡಿದ ಮೇಲೆ ಬೇಜಾರಾಯಿತು. ಅಡುಗೆಮನೆಯ ಮೂರನೇ ಡ್ರಾಯರಿಗೆ ಹಾಕತೊಡಗಿದೆ, ನಾಳೆ ನೋಡೋಣ ಅಂತ. ಒಂದು ವಿಷಯ ಹೇಳಲೇಬೇಕು. ನಾವು ಮನೆಗೆ ಬಂದ ದಿನ ಅದೇ ಡ್ರಾಯರ್ ತೆಗೆದಾಗ ಅವನ ಹೆಸರಿನ ಹದಿನಾರೋ ಹದಿನೇಳೋ ಲಕೋಟೆಗಳಿದ್ದವು. ಒಂದನ್ನೂ ಒಡೆದಿರಲಿಲ್ಲ. ಎಂಥ ಬೇಜವಾಬ್ದಾರಿ ಮನುಷ್ಯ ಅಂತ ನಾವಿಬ್ಬರೂ ತಲೆ ಅಲ್ಲಾಡಿಸಿದ್ದೆವು.

ಹೊಗೆಯ ಗಲಾಟೆಗೆ ಮಹಡಿಯ ಮೇಲೆ ಮಗಳು ಎದ್ದು ಅಳತೊಡಗಿದಳು, ನಮ್ಮವರೂ ಎದ್ದರು. ಅವರು ಸ್ವಭಾವದಲ್ಲೇ ಅನುಮಾನದ ಮನುಷ್ಯ. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಎರಡು ಸಲ ನೋಡುವವರು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಗುಣ ಉಪಯೋಗಕ್ಕೆ ಬಂದದ್ದು ಅವತ್ತೇ. ಕೆಳಗಿಳಿದು ಬಾಗಿಲು ತೆರೆಯಲಿಲ್ಲ. ಮಹಡಿ ಕಿಟಕಿ ತೆಗೆದು, ಬನಿಯನ್ನಿನಲ್ಲೇ ಬಗ್ಗಿ, ನೀವು ಯಾರು, ಯಾರ ಪರವಾಗಿ ಬಂದಿದ್ದೀರಿ, ಚೀಟಿ ತೋರಿಸಿ ಅಂದರು. ಕಾಗದದ ಭಾಷೆಯಲ್ಲಿ ಅವನು ಎನ್‌ಫೋರ್ಸ್‌ಮೆಂಟ್ ಏಜೆಂಟ್. ಜನರ ಬಾಯಲ್ಲಿ ಬೇಲಿಫ್. ನಮ್ಮೂರ ಮಾತಲ್ಲಿ ಹೇಳೋದಾದರೆ ಕೋರ್ಟಿನ ಅಮೀನ, ಆದರೆ ಖಾಸಗಿ ಕಂಪನಿಯ ಅಮೀನ. ಹಳೆಯ ಬಾಡಿಗೆದಾರ ಕೌನ್ಸಿಲ್ ಟ್ಯಾಕ್ಸ್ ಬಾಕಿ ಇಟ್ಟು ಹೋಗಿದ್ದ. ಮನೆ ಕಂದಾಯ ನಮ್ಮ ಕಡೆ ಮಾಲೀಕನ ತಲೆನೋವು. ಇಲ್ಲಿ ಸಾಮಾನ್ಯವಾಗಿ ವಾಸ ಇರುವವನೇ ಕಟ್ಟಬೇಕು. ಕಟ್ಟದಿದ್ದರೆ ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಆದೇಶ ತರುತ್ತದೆ, ವಸೂಲಿಯನ್ನು ಕಂಪನಿಗೆ ಒಪ್ಪಿಸುತ್ತದೆ.

ನಮ್ಮವರು ನಮ್ಮ ಹೆಸರಿನ ಕೌನ್ಸಿಲ್ ಟ್ಯಾಕ್ಸ್ ಬಿಲ್ ತಂದು ಕೆಳಗಿನ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಅವನು ಆಚೆಯಿಂದ ಫೋಟೋ ತೆಗೆದುಕೊಂಡ. ಇನ್ನೇನು ಮುಗಿಯಿತು ಅಂದುಕೊಂಡೆವು.

"ನೀವು ಇಲ್ಲಿದ್ದೀರಿ, ಒಪ್ಪಿದೆ. ಅವರೂ ಇಲ್ಲೇ ಇರಬಹುದಲ್ಲ?" ಅಂದ.

ಆ ಮಾತಿಗೆ ಏನು ಹೇಳೋದು? ನಾವು ಇರೋದಕ್ಕೆ ಬಿಲ್ ಇದೆ, ಕರಾರುಪತ್ರ ಇದೆ. ಇನ್ನೊಬ್ಬ ಇಲ್ಲದಿರೋದಕ್ಕೆ ಯಾವ ಆಫೀಸಿನವರು ಸರ್ಟಿಫಿಕೇಟ್ ಕೊಡುತ್ತಾರೆ?

ಆಮೇಲೆ ಅವನ ಕಣ್ಣು ನಮ್ಮ ಹಳೇ ಫಿಯೆಸ್ಟಾ ಕಾರಿನ ಮೇಲೆ ಬಿತ್ತು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಂಬರ್ ಬರೆದುಕೊಂಡ. ನಮ್ಮವರು ಗಾಡಿಯ ಪುಸ್ತಕ ತಂದು ಅದನ್ನೂ ಗಾಜಿಗೆ ಒತ್ತಿದರು. ಅದರ ಮೇಲೆ ಏನು ಅಚ್ಚಾಗಿದೆ ಓದಿ ಅಂದ. ಓದಿದರೆ, ಈ ದಾಖಲೆ ಮಾಲೀಕತ್ವಕ್ಕೆ ಪುರಾವೆಯಲ್ಲ ಅಂತಲೇ ಇದೆ! ನಮ್ಮ ಆರ್‌ಸಿ ಬುಕ್ಕಿನ ಲೆಕ್ಕದಲ್ಲಿ ನಾವದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆವು. ಇಲ್ಲಿ ಅದು ಗಾಡಿಯನ್ನು ಯಾರು ಇಟ್ಟುಕೊಂಡಿದ್ದಾರೆ ಅಂತ ಹೇಳುತ್ತದೆ ಅಷ್ಟೇ, ಯಾರದು ಅಂತಲ್ಲ. ಕೊನೆಗೆ ಫೋನಿನಲ್ಲಿ ಹುಡುಕಿ, ಕಾರು ಕೊಂಡಾಗಿನ ರಸೀದಿ ತೋರಿಸಿದ ಮೇಲೆ ಕಾರನ್ನು ಬಿಟ್ಟ. ಸೀಳಿನಿಂದ ಒಂದು ಕಾಗದ ತೂರಿಸಿ ಹೊರಟುಹೋದ. ಎದುರು ಮನೆಯ ಪರದೆ ಅಷ್ಟೂ ಹೊತ್ತು ಒಂದು ಬೆರಳಿನಷ್ಟು ಸರಿದೇ ಇತ್ತು.

ಅವನು ಹೋದ ಮೇಲೆ ಡ್ರಾಯರಿನ ಲಕೋಟೆಗಳನ್ನು ಟೇಬಲ್ ಮೇಲೆ ಸುರಿದೆವು. ಬೇರೆಯವರ ಕಾಗದ ಒಡೆದರೆ ಜೈಲು ಅಂತ ಒಂದು ನಂಬಿಕೆ ಇದೆ. 2000ದ ಅಂಚೆ ಕಾಯ್ದೆ ಹೇಳುವುದು ಬೇರೆ: ಇನ್ನೊಬ್ಬರಿಗೆ ಕೆಡುಕು ಮಾಡುವ ಉದ್ದೇಶದಿಂದ, ಸರಿಯಾದ ಕಾರಣವಿಲ್ಲದೆ ಒಡೆದರೆ ಅಪರಾಧ. ಯಾರು ಕಳಿಸಿದ್ದು ಅಂತ ತಿಳಿದು ಅವರಿಗೆ ಹೇಳಲು ಒಡೆಯೋದಕ್ಕೆ ಅಷ್ಟು ಹೆದರಬೇಕಿಲ್ಲ. ಒಡೆದು ಸಾಲಾಗಿ ಜೋಡಿಸಿದೆವು. ಅಸಲು ಬಾಕಿ 812 ಪೌಂಡ್. ಕಂಪನಿಯ ಕೈಗೆ ಬಂದು ಮೊದಲ ನೋಟಿಸ್ ಹೊರಟ ಕೂಡಲೇ ಅದರ ಮೇಲೆ 75. ಆ ನೋಟಿಸಿಗೂ ಮನೆಗೆ ಬರೋದಕ್ಕೂ ನಡುವೆ ಏಳು ಪೂರ್ತಿ ದಿನ ಬಿಡಬೇಕು. ಆ ಏಳು ದಿನ ನಮ್ಮ ಮೂರನೇ ಡ್ರಾಯರಿನಲ್ಲಿ ಕಳೆದಿದ್ದವು. ಅವನು ನಮ್ಮ ಮನೆತನಕ ನಡೆದು ಬಂದದ್ದಕ್ಕೆ ಇನ್ನೂ 235. ಒಟ್ಟು 1,122 ಪೌಂಡ್. ನಮ್ಮ ದುಡ್ಡಲ್ಲಿ ಆಗ ಹೆಚ್ಚೂಕಡಿಮೆ ಒಂದು ಲಕ್ಷ. ನನ್ನ ಸೋಮಾರಿತನಕ್ಕೆ ಆ ಗಾಳದ ಮನುಷ್ಯನ ಲೆಕ್ಕಕ್ಕೆ 235 ಬಿತ್ತಲ್ಲ ಅಂತ ಈಗಲೂ ಒಂದೊಂದು ಸಲ ಅನಿಸುತ್ತದೆ.

ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ. ಹತ್ತು ನಿಮಿಷಕ್ಕೆ ಹನ್ನೆರಡು ಸಲಹೆ. ಪೊಲೀಸರಿಗೆ ಫೋನ್ ಮಾಡಿ. ಮನೆ ಖಾಲಿ ಮಾಡಿ. ಆ ವಿಳಾಸವೇ ಬ್ಲಾಕ್‌ಲಿಸ್ಟ್ ಆಗಿರುತ್ತೆ, ಇನ್ನು ನಿಮಗೆ ಹೋಮ್ ಲೋನ್ ಹುಟ್ಟಲ್ಲ. ಒಬ್ಬರು ಮಾತ್ರ ಮೆಲ್ಲಗೆ, "ವೀಸಾಕ್ಕೆ ತೊಂದರೆ ಆಗಲ್ವಾ?" ಅಂತ ಬರೆದರು. ಆ ರಾತ್ರಿ ನಿದ್ದೆ ಕೆಡಿಸಿದ್ದು ಅದೊಂದೇ ಸಾಲು. ವಿಳಾಸದ ಮೇಲೆ ಸಾಲದ ಮಚ್ಚೆ ಅಂಟೋದಿಲ್ಲ, ಸಾಲದ ದಾಖಲೆ ಮನುಷ್ಯನ ಹೆಸರಿಗೆ ಅಂಟಿರುತ್ತದೆ, ಅವನ ಜೊತೆ ಜಂಟಿ ಖಾತೆಯೋ ಜಂಟಿ ಸಾಲವೋ ಇದ್ದರೆ ಮಾತ್ರ ನಮಗೆ ತಾಗುತ್ತದೆ ಅಂತ ಆಮೇಲೆ ಓದಿ ತಿಳಿದೆ. ವೀಸಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಪರದೇಶದಲ್ಲಿ ಇರುವವರಿಗೆ ಮನೆ ಮುಂದೆ ಬಿಲ್ಲೆ ಹಾಕಿಕೊಂಡು ನಿಂತವರೆಲ್ಲ ಸರ್ಕಾರದವರೇ.

ಸೋಮವಾರ ಕೌನ್ಸಿಲ್‌ಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹುಡುಗಿ ತುಂಬಾ ಮರ್ಯಾದೆಯಿಂದ, ಆ ಖಾತೆಯ ಬಗ್ಗೆ ನಿಮ್ಮ ಹತ್ತಿರ ಮಾತಾಡುವ ಹಾಗಿಲ್ಲ, ನೀವು ಅವರಲ್ಲವಲ್ಲ ಅಂದಳು. ಡೇಟಾ ರಕ್ಷಣೆಯ ಕಾನೂನು.

"ನಾನು ಅವರಲ್ಲ ಅಂತ ಹೇಳೋಕೇ ಫೋನ್ ಮಾಡಿರೋದು" ಅಂದೆ.

"ಅರ್ಥವಾಯಿತು. ಆದರೆ ನೀವು ಅವರಲ್ಲದ ಕಾರಣ ನಾನು ಏನೂ ಹೇಳೋಕಾಗಲ್ಲ."

ನಗು ಬಂತು, ಅಳುವೂ ಬಂತು. ಅದೇ ಕೌನ್ಸಿಲ್ ಪ್ರತಿ ತಿಂಗಳು ಒಂದನೇ ತಾರೀಖು ಅದೇ ಮನೆ ನಂಬರಿಗೆ ನಮ್ಮಿಂದ ಟ್ಯಾಕ್ಸ್ ತಗೊಳ್ಳುತ್ತಿದೆ. ಒಂದು ಕೈಗೆ ನಾವು ಗೊತ್ತು. ಇನ್ನೊಂದು ಕೈ ಬಂದು ಬಾಗಿಲು ಬಡಿಯುತ್ತದೆ.

ಕಾನೂನು ಓದಿಕೊಂಡದ್ದು ಆ ವಾರದ ರಾತ್ರಿಗಳಲ್ಲಿ, ಮಗಳು ಮಲಗಿದ ಮೇಲೆ. ಈಗಿನ ನಿಯಮಗಳು ಜಾರಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಬೇಲಿಫ್ ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರೊಳಗೆ ಬರಬೇಕು. ಅಂದರೆ ನಮ್ಮ ಏಳೂಕಾಲು ಸರಿಯಾದ ಹೊತ್ತೇ. ಮನೆಯಲ್ಲಿ ಬರೀ ಹದಿನಾರರೊಳಗಿನ ಮಕ್ಕಳಿದ್ದರೆ ಒಳಗೆ ಬರುವ ಹಾಗಿಲ್ಲ. ಕಿಟಕಿಯಿಂದ ನುಗ್ಗುವ ಹಾಗಿಲ್ಲ. ಕೌನ್ಸಿಲ್ ಟ್ಯಾಕ್ಸಿನಂಥ ಬಾಕಿಗೆ ಬಾಗಿಲು ಮುರಿದು ಒಳಗೆ ಬರುವ ಹಾಗೂ ಇಲ್ಲ. ಕ್ರಿಮಿನಲ್ ಕೋರ್ಟು ಹಾಕಿದ ದಂಡದ ವಸೂಲಿಯಾದರೆ ಮಾತು ಬೇರೆ. ಆದರೆ ನಾವೇ 'ಬನ್ನಿ' ಅಂದರೆ? ಒಳಗೆ ಬಂದು ಟಿವಿ, ಸೋಫಾ ಪಟ್ಟಿ ಮಾಡಿಕೊಳ್ಳಬಹುದು. ಹಾಗೆ ಒಮ್ಮೆ ಪಟ್ಟಿ ಮಾಡಿ ವಶಕ್ಕೆ ತಗೊಂಡ ಮೇಲೆ ಮುಂದಿನ ಸಲ ಬಾಗಿಲು ಒಡೆಯುವ ದಾರಿಯೂ ತೆರೆದುಕೊಳ್ಳುತ್ತದೆ. ಬೇರೆಯವರ ಸಾಮಾನು ಮುಟ್ಟುವ ಹಾಗಿಲ್ಲ ನಿಜ. ಆದರೆ ಒಂದೊಂದಕ್ಕೂ ಇದು ನಮ್ಮದು ಅಂತ ರಸೀದಿ ಹಿಡಿದು ಹೋರಾಡಬೇಕಾದವರು ನಾವು. ಅಮ್ಮ ಕೊಟ್ಟ ಕುಕ್ಕರಿಗೆ ನಾನು ಎಲ್ಲಿಂದ ರಸೀದಿ ತರಲಿ? ಸೀದ ಮೆಣಸಿನಕಾಯಿ ಕಾಪಾಡಿತು ಅಂದದ್ದು ಇದಕ್ಕೇ.

ಈ ಮುಚ್ಚಿದ ಬಾಗಿಲಿನ ಹಕ್ಕು ಎಲ್ಲಿಂದ ಬಂತು ಅಂತ ಹುಡುಕುತ್ತಾ 1604ರ ಒಂದು ತೀರ್ಪಿಗೆ ಹೋಗಿ ಮುಟ್ಟಿದೆ. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಗ್ರೆಶಮ್, ಬೆರಿಸ್‌ಫೋರ್ಡ್ ಅಂತ ಇಬ್ಬರು ಒಂದೇ ಮನೆಯಲ್ಲಿದ್ದರು. ಬೆರಿಸ್‌ಫೋರ್ಡ್ ಸಾಲ ಉಳಿಸಿಕೊಂಡು ತೀರಿಹೋದ. ಸಾಲ ಕೊಟ್ಟಿದ್ದ ಸೆಮೈನ್ ಎಂಬುವನ ಪರವಾಗಿ ಶೆರಿಫ್ ಸತ್ತವನ ಸಾಮಾನು ತಗೊಳ್ಳಲು ಬಂದ. ಗ್ರೆಶಮ್ ಬಾಗಿಲು ಹಾಕಿಕೊಂಡ. ಸೆಮೈನ್ ಅವನ ಮೇಲೆ ದಾವೆ ಹೂಡಿದ, ಗೆದ್ದದ್ದು ಗ್ರೆಶಮ್. ಪ್ರತಿಯೊಬ್ಬನ ಮನೆಯೂ ಅವನ ಕೋಟೆ ಅನ್ನುವ ಮಾತು ಆ ತೀರ್ಪಿನ ವರದಿಯಲ್ಲಿದೆ. ಕೋಟೆಯ ಮಾತು ಎಲ್ಲರಿಗೂ ಗೊತ್ತು. ಅದರ ಹಿಂದೆ ಇದ್ದದ್ದು ಇನ್ನೊಬ್ಬನ ಸಾಲಕ್ಕೆ ಬಾಗಿಲು ಹಾಕಿಕೊಂಡ ಒಬ್ಬ ಮನುಷ್ಯ ಅಂತ ನನಗೆ ಗೊತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಕೂತು ನಾನೂರು ವರ್ಷದ ಹಿಂದಿನ ಗ್ರೆಶಮ್‌ನ ಮೇಲೆ ಅಕ್ಕರೆ ಉಕ್ಕಿತು.

ಹಾಸನದಲ್ಲಿ ವಕೀಲಿ ಮಾಡುವ ದೊಡ್ಡಪ್ಪನ ಮಗನಿಗೆ ಹೇಳಿದರೆ, "ಅದರಲ್ಲೇನು ವಿಶೇಷ? ನಮ್ಮಲ್ಲೂ ಅದೇ ಐತೆ" ಅಂದ. 1908ರ ಸಿವಿಲ್ ಪ್ರೊಸೀಜರ್ ಕೋಡ್, ಕಲಂ 62. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಅಮೀನ ಜಪ್ತಿಗೆ ಅಂತ ವಾಸದ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಸಾಲಗಾರನೇ ಆ ಮನೆಯಲ್ಲಿದ್ದು ತಡೆದರೆ ಮಾತ್ರ ಹೊರಬಾಗಿಲು ಮುರಿಯಬಹುದು. ಇಂಗ್ಲೆಂಡಿನ ಪಟ್ಟಿಯಲ್ಲಿ ಜಪ್ತಿ ಮಾಡಬಾರದ್ದು ಫ್ರಿಜ್ಜು, ವಾಷಿಂಗ್ ಮಷಿನ್, ಹಾಸಿಗೆ. ನಮ್ಮ ಕಲಂ 60ರಲ್ಲಿ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಮತ್ತೆ ಧರ್ಮದ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. "ತಾಳಿ ಮುಟ್ಟಂಗಿಲ್ಲ ಕಣಮ್ಮ" ಅಂದ ಅಣ್ಣ.

ಅವನ ಬಾಯಲ್ಲಿ ಅಮೀನ ಅನ್ನುವ ಪದ ಕೇಳಿದ್ದೇ ತಡ, ನನಗೆ ನಮ್ಮೂರ ಜಗಲಿ ನೆನಪಾಯಿತು. ಅರಸೀಕೆರೆ ಕಡೆಯ ಹಳ್ಳಿ. ಮಳೆ ಕೈಕೊಟ್ಟ ವರ್ಷ. ಅಪ್ಪ ಪಂಪ್‌ಸೆಟ್ಟಿಗೆ ಅಂತ ಸಾಲ ಮಾಡಿದ್ದರು. ನಮ್ಮ ಮನೆಗೆ ಅಮೀನ ಬರಲಿಲ್ಲ, ಅಲ್ಲಿವರೆಗೆ ಹೋಗಲಿಲ್ಲ. ಬರುತ್ತಿದ್ದದ್ದು ಸೊಸೈಟಿಯವರು, ಸೈಕಲ್ ಮೇಲೆ. ಆ ಸೈಕಲ್ಲಿನ ಕಟಕಟ ಸದ್ದು ಬೀದಿ ತಿರುವಿನಲ್ಲೇ ಕೇಳುತ್ತಿತ್ತು. ಅಪ್ಪ ಎದ್ದು ಹಿತ್ತಲಿಗೆ ಹೋಗುವರು. ಹೋಗುತ್ತಾ, "ಅಪ್ಪ ಇಲ್ಲ, ತಿಪಟೂರಿಗೆ ಹೋಗವ್ರೆ ಅನ್ನು" ಅಂತ ನನಗೆ ಹೇಳಿ ಹೋಗುವರು. ನನಗಾಗ ಎಂಟು ವರ್ಷ. ಜಗಲಿ ಮೇಲೆ ನಿಂತು ಹಾಗೇ ಹೇಳುತ್ತಿದ್ದೆ. ಕೊಬ್ಬರಿ ಮಂಡಿಗೆ ಹೋಗವ್ರೆ ಅಂತ ಒಂದು ಮಾತು ನಾನೇ ಸೇರಿಸುತ್ತಿದ್ದೆ, ನಿಜ ಅನಿಸಲಿ ಅಂತ.

ಒಂದು ದಿನ ಸೊಸೈಟಿಯವರು ನನ್ನ ಮಾತು ಕೇಳಿ ಕೆಳಗೆ ನೋಡಿದರು. ಜಗಲಿ ಮೆಟ್ಟಿಲ ಹತ್ತಿರ ಅಪ್ಪನ ಎಕ್ಕಡ ಇತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ಎಕ್ಕಡ ನೋಡಿದರು, ನನ್ನ ಮುಖ ನೋಡಿದರು. "ಸರಿ ಮಗಾ, ಬಂದ ಮೇಲೆ ಹೇಳು" ಅಂದರು. ಅಷ್ಟರಲ್ಲಿ ಅಮ್ಮ ಮಜ್ಜಿಗೆ ತಂದಳು. ಕೂತು, ಪೂರ್ತಿ ಕುಡಿದು, ಲೋಟ ಬೋರಲು ಹಾಕಿ ಹೋದರು. ಅಪ್ಪ ಬಂದ ರಸೀದಿಗಳನ್ನೆಲ್ಲ ತೊಲೆಗೆ ತೂಗುಹಾಕಿದ್ದ ತಂತಿಗೆ ಚುಚ್ಚಿ ಇಡುತ್ತಿದ್ದರು. ಸೊಸೈಟಿ ನೋಟಿಸುಗಳು ಮಾತ್ರ ಆ ತಂತಿಗೆ ಹೋಗುತ್ತಿರಲಿಲ್ಲ. ಪಂಚಾಂಗದೊಳಗೆ ಮಡಿಸಿ ಸೇರಿಸುತ್ತಿದ್ದರು. ಯುಗಾದಿಗೆ ಹೊಸ ಪಂಚಾಂಗ ಬಂದರೆ ಹಳೆಯದರ ಜೊತೆ ಅವೂ ಅಟ್ಟಕ್ಕೆ.

ಆ ಶನಿವಾರ ಬಾಗಿಲಲ್ಲಿ ನಿಂತು 'ಅವರು ಇಲ್ಲಿಲ್ಲ' ಅಂದಾಗ ನನ್ನ ಗಂಟಲು ಯಾಕೆ ಒಣಗಿತ್ತು ಅಂತ ಆಗ ಹೊಳೆಯಿತು. ಮಾತು ನಿಜವೇ. ಹೇಳಿದ ಧಾಟಿ ಮಾತ್ರ ಹಳೆಯದು. ಆ ಬೇಲಿಫ್‌ಗೆ ಶೂ ನೋಡುವ ಅಭ್ಯಾಸ ಎಷ್ಟು ವರ್ಷದ್ದೋ. ಎಷ್ಟು ಮಕ್ಕಳ ಬಾಯಲ್ಲಿ ಅದೇ ಮಾತು ಕೇಳಿದ್ದನೋ.

ಮುಂದಿನ ಕಥೆ ಚಿಕ್ಕದು. ಫೋನ್ ಬಿಟ್ಟು ಬರೆಯಲು ಕೂತೆ. ಕಂಪನಿಗೆ ಒಂದು, ಕೌನ್ಸಿಲ್‌ನ ದೂರು ವಿಭಾಗಕ್ಕೆ ಒಂದು. ಅವರ ಕಾಗದದ ನಂಬರು, ನಮ್ಮ ಬಾಡಿಗೆ ಕರಾರಿನ ಮೊದಲ ಪುಟ, ಟ್ಯಾಕ್ಸ್ ಬಿಲ್, ಏಜೆಂಟರಿಂದ ಹಳೆಯವರು ಯಾವತ್ತು ಬೀಗದ ಕೈ ಒಪ್ಪಿಸಿದರು ಅಂತ ಎರಡು ಸಾಲು. ಎಲ್ಲವೂ ಜೆರಾಕ್ಸ್. ಮೂಲಪ್ರತಿ ಕೊಡಬಾರದು ಅಂತ ಊರಲ್ಲೇ ಕಲಿತಿದ್ದೆ. ಸಾಲಗಾರ ವಾಸ ಇರುವ ಜಾಗ ಅಂತ ನಂಬಲು ಕಾರಣ ಇದ್ದರೆ ತಾನೇ ನೀವು ಬರೋದು, ಇನ್ನು ಆ ಕಾರಣ ಉಳಿದಿಲ್ಲ ಅಂತ ಒಂದು ಸಾಲು ಬರೆದೆ. ಆ ಸಾಲೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ. ನಮ್ಮವರು ಏಜೆಂಟರ ಕಾಗದವೇ ಅಂತಾರೆ. ಮೂರು ವಾರಕ್ಕೆ ಉತ್ತರ ಬಂತು. ಕೌನ್ಸಿಲ್ ಆ ಬಾಕಿಯನ್ನು ಕಂಪನಿಯಿಂದ ವಾಪಸ್ ತಗೊಂಡಿದೆ, ಆದ ತೊಂದರೆಗೆ ವಿಷಾದ. ಈ ವಿಷಯದಲ್ಲಿ ಮೊದಲ ಸಲ ನಮ್ಮ ಹೆಸರಿಗೆ ಬಂದ ಕಾಗದ ಅದು. ನಮ್ಮ ಹೆಸರಿನ ಕಾಗುಣಿತ ತಪ್ಪಿತ್ತು.

ಬೇಸಿಗೆಯಲ್ಲಿ ಮತ್ತೆ ಒಂದು ಬಂತು, ಬೇರೆ ಕಂಪನಿಯದು, ಪಾರ್ಕಿಂಗ್ ದಂಡ. ಗಾಡಿ ಪುಸ್ತಕದಲ್ಲಿ ವಿಳಾಸ ಬದಲಿಸದೆ ಹೋದರೆ ದಂಡದ ಕಾಗದಗಳೆಲ್ಲ ಹಳೇ ಮನೆಗೇ ಬರುತ್ತವೆ. ಅವನಿಗೆ ದಂಡ ಬಿದ್ದದ್ದೇ ಗೊತ್ತಿರಲಿಕ್ಕಿಲ್ಲ. ಈ ಸಲ ಬಂದ ದಿನವೇ ಉತ್ತರ ಹಾಕಿದೆ. ಮೂರನೇ ಡ್ರಾಯರಿನಲ್ಲಿ ಈಗ ಲಟ್ಟಣಿಗೆ, ಚಕ್ಕುಲಿ ಒರಳು ಇದೆ.

ಫೆಬ್ರವರಿಯಲ್ಲಿ, ಆ ಗಲಾಟೆಯ ವಾರದ ಕೊನೆಗೆ, ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದ್ದೆ. ಇಲ್ಲಿ ಸಂಜೆ ನಾಲ್ಕು, ಅಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ಆ ಮನುಷ್ಯನ್ನ ಚಳೀಲೇ ನಿಲ್ಲಿಸಿದ್ರಾ?" ಅಂದರು. ಕಾನೂನು ಹಾಗಿದೆ ಅಪ್ಪ, ಒಳಗೆ ಕರೆಯಂಗಿಲ್ಲ ಅಂದೆ. ಹೂಂ ಅಂದರು. ಆಮೇಲೆ ನನಗೆ ತಡೆಯಲಾಗಲಿಲ್ಲ.

"ಅಪ್ಪ, ಸೊಸೈಟಿಯವರು ಬಂದಾಗ ನನ್ನ ಹತ್ರ ತಿಪಟೂರಿಗೆ ಹೋಗವ್ರೆ ಅಂತ ಹೇಳಿಸ್ತಿದ್ರಲ್ಲ, ನೆನಪೈತಾ?"

ಸ್ವಲ್ಪ ಹೊತ್ತು ಸದ್ದಿಲ್ಲ. "ಯಾವ ಸೊಸೈಟಿ?" ಅಂದರು. "ತಡಿ, ನಿಮ್ಮಮ್ಮಂಗೆ ಕೊಡ್ತೀನಿ."

ಫೋನು ಕೈ ಬದಲಾಯಿತು. ಅಮ್ಮ ಊಟ ಆಯ್ತಾ, ಮಗು ಹೇಗಿದೆ ಅಂತ ಕೇಳಿದಳು. ಅಪ್ಪನಿಗೆ ಇನ್ನೊಂದ್ಸಲ ಕೊಡು ಅಂದೆ.

"ಅಪ್ಪ ಇಲ್ಲ ಕಣೆ" ಅಂದಳು ಅಮ್ಮ. "ತೋಟದ ಕಡೆ ಹೋದ್ರು."

ಹಿಂದೆ ಅಪ್ಪ ಕೆಮ್ಮಿದ್ದು ಕೇಳಿಸಿತು.